ಎರಡು ಪರವಾನಗಿಗಳ ನಡುವೆ

ನಮ್ಮ ಗದಗ-ಬೆಟಗೇರಿಯ ಕೆಲವು ಮನೆಗಳಲ್ಲಿ ಈಚೆಗೆ ಎರಡು ಪಂಚಾಂಗಗಳು ನಡೆಯುತ್ತಿರುವವು. ಒಂದು, ಯುಗಾದಿಯ ದಿನ ಬೇವುಬೆಲ್ಲವನ್ನು ಮೆದ್ದು ಹಿರಿಯರಿಂದ ಓದಿಸಿ ಕೇಳುವ ಹಳೆಯ ಪಂಚಾಂಗ. ಇನ್ನೊಂದನ್ನು ಯಾರೂ ಗೋಡೆಗೆ ತೂಗುಹಾಕಿಲ್ಲ. ಆದರೂ ಮನೆಮಂದಿಗೆಲ್ಲ ಅದು ಬಾಯಿಪಾಠವಾಗಿರುವದು. ಮಾರ್ಚಿಯಲ್ಲಿ ಚೀಟಿ ಎತ್ತುವರು. ಎಪ್ರಿಲ್ ಒಂದರಿಂದ ಅರ್ಜಿಗಳನ್ನು ತೆಗೆದುಕೊಳ್ಳುವರು. ಅಕ್ಟೋಬರ ಒಂದಕ್ಕೆ ದುಡಿಯುವ ಅಧಿಕಾರವು ಬರುವದು. ಮಗನನ್ನೋ ಮಗಳನ್ನೋ ಅಮೇರಿಕೆಗೆ ಕಲಿಯಲು ಕಳಿಸಿದ ತಾಯಿತಂದೆಗಳು ಈ ಮೂರು ದಿನಗಳನ್ನು ಸಂಕ್ರಾಂತಿ ದೀಪಾವಳಿಗಳಿಗಿಂತ ಹೆಚ್ಚು ಎಚ್ಚರದಿಂದ ಕಾಯುತ್ತಿರುವದನ್ನು ನಾನು ಕಂಡಿರುವೆನು. ಮಗ್ಗದ ಸಪ್ಪಳದ ನಡುವೆ ನಿಂತು, "ನಿಮ್ಮ ಹುಡುಗನ ಚೀಟಿ ಎದ್ದಿತೇನ್ರಿ?" ಎಂದು ಒಬ್ಬರನ್ನೊಬ್ಬರು ವಿಚಾರಿಸುವರು. ಇಪ್ಪತ್ತು ವರುಷಗಳ ಹಿಂದೆ ಈ ಮಾತನ್ನು ಯಾರಾದರೂ ಕೇಳಿದ್ದರೆ ಭಿಸಿಯ ಹಣದ ಚೀಟಿಯೆಂದೇ ತಿಳಿಯುತ್ತಿದ್ದರು.

ಈ ಸಂಗತಿಯು ನನ್ನ ಮನೆಯೊಳಗೂ ಬಂದುದರಿಂದ ಅದನ್ನು ಕುರಿತು ನಾಲ್ಕು ಮಾತು ಬರೆಯಬೇಕೆನಿಸಿತು. ನಾನು ಮೂವತ್ತೆರಡು ವರುಷ ಕನ್ನಡ ಕಲಿಸಿ ನಿವೃತ್ತನಾದ ಮಾಸ್ತರನು. ಕಾಯದೆಯ ವಿಷಯವು ನನ್ನದಲ್ಲ. ಆದರೆ ಮನೆಯಲ್ಲಿ ಒಬ್ಬರಿಗೆ ಬೇನೆ ಬಂದರೆ ಉಳಿದವರೆಲ್ಲರೂ ಅರೆವೈದ್ಯರಾಗುವಂತೆ, ತಂಗಿಯ ಮಗಳ ದೆಸೆಯಿಂದ ನಾನೂ ಅರೆವಕೀಲನಾಗಬೇಕಾಯಿತು.

ತಿಳಿಯದ ವಾಚಕರಿಗಾಗಿ ಮೊದಲು ಅದರ ಕ್ರಮವನ್ನು ಹೇಳಿಬಿಡುವೆನು. ಅಲ್ಲಿಗೆ ಕಲಿಯಲು ಹೋಗುವವರಿಗೆ ವಿದ್ಯಾರ್ಥಿಯ ವೀಸಾ ದೊರೆಯುವದು. ಅದನ್ನು ಪಡೆಯುವಾಗ, ಕಲಿಕೆ ಮುಗಿದೊಡನೆ ಸ್ವದೇಶಕ್ಕೆ ಮರಳುವೆನೆಂದು ಅಧಿಕಾರಿಗೆ ನಂಬಿಕೆಯಾಗುವಂತೆ ಹೇಳಬೇಕು. ಪದವಿ ಕೈಸೇರಿದ ಮೇಲೆ ತಾನು ಕಲಿತ ವಿದ್ಯೆಗೆ ಹೊಂದಿದ ಕೆಲಸವನ್ನು ಒಂದು ವರುಷ ಮಾಡುವದಕ್ಕೆ ಅನುಮತಿಯುಂಟು, ಇದನ್ನು ಓ.ಪಿ.ಟಿ. ಎಂದು ಕರೆಯುವರು. ವಿಜ್ಞಾನ, ಗಣಿತ, ಇಂಜಿನಿಯರಿಂಗ್ ಕಲಿತವರಿಗೆ ೨೦೧೬ರ ನಿಯಮದಂತೆ ಇನ್ನೆರಡು ವರುಷ ಕೂಡಿಸಿ ಕೊಡುವರು. ಮೊದಲ ವರುಷದಲ್ಲಿ ಒಟ್ಟು ೯೦ ದಿನ, ಮೂರು ವರುಷ ಸೇರಿ ೧೫೦ ದಿನ, ಇದಕ್ಕಿಂತ ಹೆಚ್ಚು ಕಾಲ ಕೆಲಸವಿಲ್ಲದೆ ಇರಕೂಡದು. ಅವಧಿ ತೀರಿದ ಮೇಲೆ ಗಂಟುಮೂಟೆ ಕಟ್ಟಲು ೬೦ ದಿನಗಳ ಸವಲತ್ತು.

ಇನ್ನು ದುಡಿಯುವವರ ವೀಸಾ. ಎಚ್-ಒನ್-ಬಿ ಎಂಬ ಇದರ ಇಂದಿನ ರೂಪವು ೧೯೯೦ರ ಕಾಯದೆಯಿಂದ ಬಂದುದು. ವರುಷಕ್ಕೆ ೬೫,೦೦೦ ಜನರಿಗೆ, ಮತ್ತು ಅಲ್ಲಿಯೇ ಎಂ.ಎಸ್. ಮುಂತಾದ ಮೇಲಿನ ಪದವಿ ಪಡೆದವರಲ್ಲಿ ಇನ್ನೂ ೨೦,೦೦೦ ಜನರಿಗೆ ಮಾತ್ರ. ಬೇಡುವವರ ಲೆಕ್ಕ ಬೇರೆ. ೨೦೨೩ರ ಮಾರ್ಚಿಯಲ್ಲಿ ೭,೮೦,೦೦೦ ಹೆಸರುಗಳು ಬಂದವು. ಒಬ್ಬನ ಹೆಸರನ್ನೇ ನಾಲ್ಕಾರು ಕಂಪನಿಗಳು ಕಳಿಸುವ ಯುಕ್ತಿಯೂ ಅದರಲ್ಲಿತ್ತೆಂದು ತಿಳಿದು, ಮರುವರುಷ ಒಬ್ಬ ಮನುಷ್ಯನಿಗೆ ಒಂದೇ ಚೀಟಿ ಎಂದು ಗೊತ್ತುಮಾಡಲು, ಸಂಖ್ಯೆಯು ೪,೮೦,೦೦೦ಕ್ಕೆ ಇಳಿಯಿತು. ಇಳಿದ ಮೇಲೂ ಇಷ್ಟು! ಹೀಗಾಗಿ ಯಂತ್ರವು ಚೀಟಿ ಎತ್ತುವದು. ಇಲ್ಲಿ ಅಂಕಗಳನ್ನು ನೋಡುವದಿಲ್ಲ, ಗುರುಗಳ ಶಿಫಾರಸನ್ನು ಕೇಳುವದಿಲ್ಲ.

ಚೀಟಿ ಎದ್ದರೂ ಒಂದು ತೊಡಕು ಉಳಿಯುವದು. ಆ ಸರಕಾರದ ಲೆಕ್ಕದ ವರುಷವು ಅಕ್ಟೋಬರ ಒಂದಕ್ಕೆ ಮೊದಲಾಗುವದರಿಂದ ಹೊಸ ವೀಸಾ ಆ ದಿನಕ್ಕೆ ಮೊದಲು ಜಾರಿಗೆ ಬರಲಾರದು. ವಿದ್ಯಾರ್ಥಿಯ ಅನುಮತಿಯಾದರೋ ಮೇ, ಜೂನ್, ಜುಲೈಗಳಲ್ಲಿ ಎಂದೋ ಮುಗಿದಿರುವದು. ಈ ನಡುವಿನ ತಿಂಗಳುಗಳಲ್ಲಿ ಅವನು ಯಾರು? ಕಲಿಯುವವನಲ್ಲ, ದುಡಿಯುವವನೂ ಅಲ್ಲ. ಈ ಕಂದಕಕ್ಕೆ ಒಂದು ಕಾಲುಸಂಕವನ್ನು ಹಾಕಿರುವರು. ಓ.ಪಿ.ಟಿ. ಜೀವಂತವಿರುವಾಗಲೇ ಕಂಪನಿಯು ಅರ್ಜಿ ಸಲ್ಲಿಸಿದರೆ ಇರುವ ಹಕ್ಕೂ ದುಡಿಯುವ ಹಕ್ಕೂ ಅಕ್ಟೋಬರ ಒಂದರ ವರೆಗೆ ತಾವಾಗಿಯೇ ಮುಂದುವರಿಯುವವು. ೨೦೨೫ರ ಜನೇವರಿಯಲ್ಲಿ ಈ ಗಡುವನ್ನು ಮರುವರುಷದ ಎಪ್ರಿಲ್ ಒಂದರ ವರೆಗೆ ಬೆಳೆಸಿದರು. ಆದರೆ ಓ.ಪಿ.ಟಿ. ತೀರಿ, ಗಂಟು ಕಟ್ಟುವ ೬೦ ದಿನಗಳೊಳಗೆ ಅರ್ಜಿ ಸೇರಿದರೆ ಇರುವ ಹಕ್ಕು ಮಾತ್ರ ಉಳಿಯುವದು.

ನಮ್ಮ ಹುಡುಗಿಯ ಪಾಲಿಗೆ ಬಂದುದು ಈ ಕೊನೆಯ ಬಗೆ.

ಅವಳು ೨೦೨೧ರ ಮೇ ತಿಂಗಳಲ್ಲಿ ಎಂ.ಎಸ್. ಮುಗಿಸಿದಳು. ತಂದೆ ಬೆಟಗೇರಿಯಲ್ಲಿ ನೂಲಿನ ಬಣ್ಣದ ಕೆಲಸ ಮಾಡಿಸುವವನು, ದೊಡ್ಡ ಕುಳವಲ್ಲ. ನಮ್ಮಲ್ಲಿ ವಿದ್ಯೆಯ ಸಾಲವು ಏಳೂವರೆ ಲಕ್ಷವನ್ನು ಮೀರಿದರೆ ಬ್ಯಾಂಕಿನವರು ಆಸ್ತಿಯ ಆಧಾರವನ್ನು ಕೇಳುವದು ರೂಢಿ. ಅಂತೆಯೇ ಅಜ್ಜನ ಕಾಲದ ಮನೆಯ ಕಾಗದಗಳು ಬ್ಯಾಂಕನ್ನು ಸೇರಿದವು. ಓದು ಮುಗಿದು ಒಂದು ವರುಷದ ತನಕ ಕಂತು ಇಲ್ಲ. ಬಡ್ಡಿಯು ಮಾತ್ರ ತನ್ನ ಪಾಡಿಗೆ ತಾನು ಬೆಳೆಯುತ್ತಿರುವದು. ಹುಡುಗಿಗೆ ಕೆಲಸವೇನೋ ಬೇಗನೆ ಸಿಕ್ಕಿತು. ಕಂತುಗಳನ್ನು ಅವಳೇ ತೀರಿಸತೊಡಗಿದಳು. ೨೦೨೨ರಲ್ಲಿ ಚೀಟಿ ಏಳಲಿಲ್ಲ. ೨೦೨೩ರಲ್ಲಿ ಏಳಲಿಲ್ಲ. ೨೦೨೪ರ ಮಾರ್ಚಿಯಲ್ಲಿಯೂ ಏಳಲಿಲ್ಲ.

ಆಗ ನನ್ನ ತಾಯಿ ಲಕ್ಷ್ಮೇಶ್ವರದ ಮನೆಯಲ್ಲಿದ್ದಳು. ಎಂಬತ್ತೆಂಟು ವರುಷದ ಮುದುಕಿ, ಕಿವಿ ಚುರುಕು, ನಾಲಿಗೆ ಅದಕ್ಕಿಂತ ಚುರುಕು. ಮೊಮ್ಮಗಳ ಸಂಗತಿಯನ್ನು ನಾನು ಬಿಡಿಸಿ ಹೇಳಿದಾಗ ಅವಳು, "ಹುಡುಗಿ ಶಾಣ್ಯಾ ಅದಾಳ, ಪರೀಕ್ಷಾ ಪಾಸಾಗ್ಯಾಳ, ಧಣಿ ಕೆಲಸಕ್ಕ ಬಾ ಅಂತಾನ. ಮತ್ತ ಚೀಟಿ ಯಾಕ ಎತ್ತಬೇಕೋ ತಮ್ಮಾ?" ಎಂದು ಕೇಳಿದಳು. ಮೂವತ್ತೆರಡು ವರುಷ ಪ್ರಶ್ನೆಗಳಿಗೆ ಉತ್ತರ ಹೇಳಿದ ನನಗೆ ಇದಕ್ಕೆ ಉತ್ತರ ತೋಚಲಿಲ್ಲ. ಬೇಡುವವರು ಹೆಚ್ಚು, ಕೊಡುವದು ಕಡಿಮೆ ಎಂದೆ. "ಹಂಗಾರ ಯಾರು ಶಾಣ್ಯಾರ ಅದಾರ ನೋಡಿ ಕೊಡಲಿ" ಎಂದಳು. ಈ ಒಂದು ಮಾತನ್ನು ಅಲ್ಲಿಯ ಪಂಡಿತರೂ ವರುಷಗಟ್ಟಲೆ ಚರ್ಚಿಸಿರುವರೆಂದು ಆಮೇಲೆ ಓದಿ ತಿಳಿದೆನು.

ಜೂನ್ ೩೦ಕ್ಕೆ ಅವಳ ಮೂರು ವರುಷಗಳು ತೀರಿದವು. ಮರುದಿನದಿಂದ ಕಚೇರಿಗೆ ಹೋಗುವಂತಿಲ್ಲ. ಅರವತ್ತು ದಿನಗಳ ಎಣಿಕೆ ಮೊದಲಾಯಿತು. ಹುಡುಗಿ ಧೈರ್ಯದವಳು, ಮೇಜು ಕುರ್ಚಿಗಳನ್ನು ಮಾರಿ, ಆಗಸ್ಟ್ ೨೫ಕ್ಕೆ ವಿಮಾನದ ಟಿಕೀಟನ್ನು ಕಾದಿರಿಸಿದಳು. ಇತ್ತ ಲಕ್ಷ್ಮೇಶ್ವರದಲ್ಲಿ ನನ್ನ ತಾಯಿಗೆ ಹಬ್ಬವೇ ಹಬ್ಬ. ಮೊಮ್ಮಗಳ ನೌಕರಿ ಹೋದುದಕ್ಕಾಗಿ ತಂಗಿಯು ಕಣ್ಣೀರಿಡುತ್ತಿದ್ದರೆ, ಅವಳ ತಾಯಿ ಶೇಂಗಾ ಹುರಿಯಿಸಿ ಹಿಂಡಿ ಕುಟ್ಟಿಸುತ್ತಿದ್ದಳು. "ಐದ ವರ್ಷಾತು ನೋಡಿ. ಬರ್ಲಿ ಬಿಡು, ಸಾಲ ಹೆಂಗರ ತೀರತೈತಿ" ಎಂದು ಹೇಳುವಳು. ಒಂದೇ ಮನೆತನದಲ್ಲಿ ಒಂದೇ ಸುದ್ದಿಗೆ ಹೀಗೆ ಒಬ್ಬಳು ಅಳುವದು ಇನ್ನೊಬ್ಬಳು ನಗುವದು ನಡೆದಿತ್ತು.

ಆಗಸ್ಟ್ ಮೊದಲ ವಾರದಲ್ಲಿ, ಸಂಖ್ಯೆಯು ತುಂಬಲಿಲ್ಲವೆಂದು ಆ ಸರಕಾರವು ಎರಡನೆಯ ಸಲ ಚೀಟಿ ಎತ್ತಿತು. ನಮ್ಮ ಹುಡುಗಿಯ ಹೆಸರು ಎದ್ದಿತು.

ಕಂಪನಿಯ ವಕೀಲನು ಅವಸರದಿಂದ ಕಾಗದಗಳನ್ನು ಸಿದ್ಧಮಾಡಿ, ಅರವತ್ತು ದಿನಗಳು ಮುಗಿಯುವದಕ್ಕೆ ಮೊದಲೇ ಅರ್ಜಿಯನ್ನು ಸೇರಿಸಿದನು. ಹಾಗೂ ಒಂದು ಮಾತನ್ನು ಕಡ್ಡಿ ಮುರಿದಂತೆ ಹೇಳಿದನು: ವಿದ್ಯಾರ್ಥಿಯ ಸ್ಥಿತಿಯಿಂದ ನೌಕರಳ ಸ್ಥಿತಿಗೆ ಬದಲಾಯಿಸಿರೆಂಬ ಈ ಅರ್ಜಿಯು ಇತ್ಯರ್ಥವಾಗುವ ಮೊದಲು ದೇಶದ ಗಡಿಯನ್ನು ದಾಟಿದರೆ ಅದನ್ನು ಬಿಟ್ಟುಕೊಟ್ಟಂತೆ ಆಗುವದು. ಟಿಕೀಟು ರದ್ದಾಯಿತು. ಅಂದು ರಾತ್ರಿ ಅವಳು ಫೋನಿನಲ್ಲಿ, "ಮಾಮಾ, ಈಗ ನಾ ಇಲ್ಲಿ ಇರಬಹುದು, ದುಡೀಬಾರದು. ಊರಿಗೆ ಹೋಗಬಹುದು, ಹೊಳ್ಳಿ ಬರಬಾರದು" ಎಂದು ನಕ್ಕಳು. ಆ ನಗೆಯು ನನಗೆ ಹಿಡಿಸಲಿಲ್ಲ.

ಈ ವಿಚಿತ್ರ ಸ್ಥಿತಿಯನ್ನು ನನ್ನ ತಾಯಿಗೆ ತಿಳಿಸಲು ನಾನು ನಮ್ಮ ಸೀಮೆಯ ಹಳೆಯ ಸಂಗತಿಯನ್ನೇ ಎತ್ತಿಕೊಂಡೆನು. ಇಂದಿನ ಹುಡುಗರಿಗೆ ಇದು ಗೊತ್ತಿರಲಿಕ್ಕಿಲ್ಲ. ೧೯೪೮ರ ಮಾರ್ಚಿಯ ತನಕ ನಮ್ಮ ಈ ಅಂಗೈ ಅಗಲದ ನಾಡಿನಲ್ಲಿ ಎಷ್ಟು ರಾಜ್ಯಗಳಿದ್ದವು! ಗದಗು, ಮುಂಡರಗಿಗಳು ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಯಲ್ಲಿ. ಶಿರಹಟ್ಟಿಯು ಸಾಂಗಲಿ ಸಂಸ್ಥಾನದ್ದು. ಲಕ್ಷ್ಮೇಶ್ವರವು ಮಿರಜ ಸಂಸ್ಥಾನದ್ದು. ಮುಂಡರಗಿಯಿಂದ ಮೂಡಣಕ್ಕೆ ನಡೆದರೆ ನಿಜಾಮನ ಸೀಮೆ. ಅಲ್ಲಿ ಹಾಲಿ ಸಿಕ್ಕಾ ನಾಣ್ಯವೇ ಬೇರೆ, ಸರಕಿನ ಮೇಲೆ ಕರೋಡಗಿರಿ ಸುಂಕವೇ ಬೇರೆ. ತುಂಗಭದ್ರೆಯನ್ನು ದಾಟಿದರೆ ಮದರಾಸ ಇಲಾಖೆ. ನನ್ನ ತಾಯಿಯ ತಾಯಿ ಮುಂಡರಗಿಯ ಮಗಳು. ಶಿರಹಟ್ಟಿಯ ಹಾದಿಯಾಗಿ ಚಕ್ಕಡಿಯಲ್ಲಿ ಕುಳಿತು ಲಕ್ಷ್ಮೇಶ್ವರದ ಗಂಡನ ಮನೆಯನ್ನು ಸೇರುವಷ್ಟರಲ್ಲಿ ಇಂಗ್ರೇಜಿ ಸರಕಾರ, ಸಾಂಗಲಿ, ಮಿರಜ ಎಂದು ಮೂರು ಆಳಿಕೆಗಳನ್ನು ಕಂಡಳು. ಅವಳನ್ನು ನೀನಾರ ಪ್ರಜೆಯೆಂದು ದಾರಿಯಲ್ಲಿ ಯಾರೂ ತಡೆದು ಕೇಳಲಿಲ್ಲ.

ತಾಯಿ ಇದನ್ನು ಕೇಳಿ, "ನಮ್ಮ ಅವ್ವ ಮೂರು ರಾಜ್ಯಾ ದಾಟಿ ಬಂದಿದ್ಲು, ಇಕಿ ಒಂದ ದಾಟಾಕ ಇಷ್ಟ ಕಾಗದ ಬೇಕೇನು" ಎಂದಳು. ಹೋಲಿಕೆಯು ಪೂರ್ತಿ ಸರಿಯಲ್ಲವೆಂದು ನನಗೂ ಗೊತ್ತು. ಆ ಮೂರು ಆಳಿಕೆಗಳ ಮೇಲೆ ಒಂದೇ ಚಕ್ರಾಧಿಪತ್ಯದ ನೆರಳಿತ್ತು. ಅಲ್ಲದೆ ಅತ್ತೆಯ ಮನೆಗೆ ಹೋಗುವ ಮದುವಣಗಿತ್ತಿಯಿಂದ ಯಾವ ರಾಜನ ನೌಕರಿಯೂ ಹೋಗುವಂತಿರಲಿಲ್ಲ. ದುಡಿಮೆಯನ್ನು ಅರಸಿ ಬರುವವನನ್ನು ಕಂಡರೆ ಮಾತ್ರ ರಾಜ್ಯಗಳು ಎಚ್ಚರಾಗುವವು.

ಅಮೇರಿಕೆಯ ಚರಿತ್ರೆಯಲ್ಲಿಯೂ ಇದನ್ನೇ ಕಾಣುವೆವು. ೧೯೧೭ರ ಕಾಯದೆಯು ಹಿಂದುಸ್ತಾನವನ್ನೂ ಒಳಗೊಂಡಂತೆ ಏಶಿಯಾದ ಬಹುಭಾಗವನ್ನು ನಿಷಿದ್ಧ ವಲಯವೆಂದು ಸಾರಿ ಕೂಲಿಗಾರರನ್ನು ತಡೆಯಿತು. ವಿದ್ಯಾರ್ಥಿಗಳು ಮುಂತಾದ ಕೆಲವರಿಗೆ ವಿನಾಯಿತಿಯಿತ್ತು. ಭಗತಸಿಂಗ್ ಥಿಂಡ್ ಎಂಬವರು ಆ ದೇಶದ ಸೈನ್ಯದಲ್ಲಿ ಸೇವೆ ಮಾಡಿದ್ದರೂ, ಭಾರತೀಯರು ಅಲ್ಲಿಯ ನಾಗರಿಕರಾಗಲು ಅರ್ಹರಲ್ಲವೆಂದು ೧೯೨೩ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ತೀರ್ಪು ಕೊಟ್ಟಿತು. ೧೯೪೬ರಲ್ಲಿ ವರುಷಕ್ಕೆ ನೂರು ಜನ ಭಾರತೀಯರು ನೆಲಸಬಹುದೆಂದಾಯಿತು. ೧೯೬೫ರ ಕಾಯದೆಯ ತರುವಾಯವೇ ಬಾಗಿಲು ಅಗಲವಾದುದು. ಕಲಿಯುವವನಿಗೆ ಸ್ವಾಗತ, ಕಲಿತು ದುಡಿಯುವೆನೆಂಬವನಿಗೆ ಶಂಕೆ ಎಂಬ ಎರಡು ಮನಸ್ಸು ಹೊಸದೇನೂ ಅಲ್ಲ. ಈಗ ಸಂಖ್ಯೆಯು ಮಾತ್ರ ಬೆಳೆದಿರುವದು: ೨೦೨೩-೨೪ರಲ್ಲಿ ಅಲ್ಲಿ ೩,೩೧,೦೦೦ಕ್ಕೂ ಮಿಕ್ಕಿ ಭಾರತೀಯ ವಿದ್ಯಾರ್ಥಿಗಳಿದ್ದರು, ಅವರಲ್ಲಿ ಸುಮಾರು ೯೭,೦೦೦ ಜನರು ಓದು ಮುಗಿಸಿ ಈ ಓ.ಪಿ.ಟಿ.ಯ ಮೇಲೆಯೇ ನಿಂತವರು.

ಇಷ್ಟು ಜನ ಅಂಚಿನಲ್ಲಿ ನಿಂತಿರುವಲ್ಲಿ ಅವರ ಭೀತಿಯನ್ನು ಮಾರಿ ಹೊಟ್ಟೆ ಹೊರೆಯುವವರೂ ಹುಟ್ಟುವರು. ಚೀಟಿ ಏಳದಿದ್ದವನು ಇನ್ನೊಂದು ಶಾಲೆಗೆ ಹೆಸರು ಹಚ್ಚಿದರೆ ವಿದ್ಯಾರ್ಥಿಯ ಸ್ಥಿತಿಯು ಉಳಿಯುವದು. ತರಬೇತಿಯ ನೆವದಿಂದ ಕೆಲಸವನ್ನೂ ಮಾಡಬಹುದು. ಇದಕ್ಕಾಗಿಯೇ ಹೆಸರಿಗೆ ಮಾತ್ರ ವಿಶ್ವವಿದ್ಯಾಲಯಗಳು ತಲೆಯೆತ್ತಿದವು. ೨೦೧೧ರಲ್ಲಿ ಕ್ಯಾಲಿಫೋರ್ನಿಯಾದ ಟ್ರೈ-ವ್ಯಾಲಿ ಎಂಬುದರ ಮೇಲೆ ದಾಳಿಯಾಯಿತು. ಅದರ ಕೆಲವು ಭಾರತೀಯ ವಿದ್ಯಾರ್ಥಿಗಳ ಕಾಲಿಗೆ ರೇಡಿಯೋ ಪಟ್ಟಿಗಳನ್ನು ಕಟ್ಟಿದುದು ನಮ್ಮ ಪತ್ರಿಕೆಗಳಲ್ಲಿಯೂ ಬಂದಿತ್ತು. ಇದಕ್ಕಿಂತಲೂ ಸೋಜಿಗದ್ದು ಡೆಟ್ರಾಯಿಟಿನ ಬಳಿಯ ಫಾರ್ಮಿಂಗ್ಟನ್ ವಿಶ್ವವಿದ್ಯಾಲಯದ ಕತೆ. ಅದಕ್ಕೆ ಕಚೇರಿಯಿತ್ತು, ಶುಲ್ಕವಿತ್ತು, ಗುರುಗಳಿರಲಿಲ್ಲ, ಪಾಠವಿರಲಿಲ್ಲ. ಅದನ್ನು ಸ್ಥಾಪಿಸಿದವರು ಸರಕಾರದ ಗುಪ್ತ ಅಧಿಕಾರಿಗಳೇ! ೨೦೧೯ರ ಜನೇವರಿಯಲ್ಲಿ ಬಲೆಯನ್ನು ಎಳೆದಾಗ ಸುಮಾರು ೬೦೦ ಜನರು ಅದರಲ್ಲಿದ್ದರು, ಬಹುತೇಕ ಭಾರತೀಯರು. ಆ ವರುಷ ಮುಗಿಯುವದರೊಳಗೆ ಅವರಲ್ಲಿ ಸುಮಾರು ೨೫೦ ಜನರ ಬಂಧನವಾಯಿತು. ಪಾಠವಿಲ್ಲದ ಶಾಲೆಗೆ ಹಣ ತೆತ್ತವರು ನಿರಪರಾಧಿಗಳೆಂದು ನಾನು ವಾದಿಸಲಾರೆ. ಆದರೆ ಬೇಟೆಗಾರನು ಹಸಿದ ಹಕ್ಕಿಯ ಮುಂದೆ ಕಾಳು ಚೆಲ್ಲಿ, ಆಮೇಲೆ ಕದ್ದು ತಿಂದಿತೆಂದು ದೂರುವದು ಯಾವ ನೀತಿ? ನಮ್ಮ ಹುಡುಗಿಗೂ ೨೦೨೪ರ ಜುಲೈಯಲ್ಲಿ ಇಂಥ ಶಾಲೆಗಳ ದಲಾಲರಿಂದ ದಿನಕ್ಕೆರಡು ಕರೆಗಳು ಬರುತ್ತಿದ್ದವು. ಅವಳು ಒಲ್ಲೆನೆಂದುದು ನನಗೆ ಅವಳ ಎಂ.ಎಸ್. ಪದವಿಗಿಂತ ದೊಡ್ಡದಾಗಿ ಕಂಡಿತು.

ಕಂದಕವನ್ನು ತುಂಬುವದು ಆಗದ ಕೆಲಸವೇನಲ್ಲ. ಜರ್ಮನಿಯಲ್ಲಿ ಪದವಿ ಮುಗಿಸಿದವರಿಗೆ ಕೆಲಸ ಹುಡುಕಲು ಹದಿನೆಂಟು ತಿಂಗಳುಗಳನ್ನು ಕೊಡುವರು; ಆ ಅವಧಿಯಲ್ಲಿ ಸಿಕ್ಕ ಕೆಲಸವನ್ನು ಮಾಡಿ ಹೊಟ್ಟೆ ಹೊರೆಯಲೂಬಹುದು. ಇಂಗ್ಲೆಂಡಿನವರು ಇಂಥ ಸವಲತ್ತನ್ನು ೨೦೧೨ರಲ್ಲಿ ಕಿತ್ತುಹಾಕಿ, ೨೦೨೧ರಲ್ಲಿ ಎರಡು ವರುಷವೆಂದು ಮತ್ತೆ ಕೊಟ್ಟು, ೨೦೨೫ರಲ್ಲಿ ಅದನ್ನು ಹದಿನೆಂಟು ತಿಂಗಳಿಗೆ ಇಳಿಸುವೆವೆಂದು ಸಾರಿದರು. ಮಗ್ಗದ ಅಚ್ಚನ್ನು ಹೀಗೆ ನಾಲ್ಕು ಮೊಳಕ್ಕೊಮ್ಮೆ ಬದಲಿಸಿದರೆ ಸೀರೆಯೇನಾದೀತೆಂದು ನಮ್ಮ ಬೆಟಗೇರಿಯವರನ್ನು ಕೇಳಬೇಕು. ತನ್ನ ಮನೆಗೆ ಯಾರು ಬರಬೇಕೆಂಬದನ್ನು ನಿರ್ಣಯಿಸುವ ಹಕ್ಕು ಪ್ರತಿಯೊಂದು ದೇಶಕ್ಕೂ ಉಂಟು. ಇದನ್ನು ನಾನು ಅಲ್ಲಗಳೆಯುವದಿಲ್ಲ. ಬರಬೇಡವೆಂದರೆ ಬಾರದೆ ಇರಬಹುದು. ಕರೆದು, ಕಲಿಸಿ, ಶುಲ್ಕ ಪಡೆದು, ಕೆಲಸಕ್ಕೂ ಹಚ್ಚಿ, ಆಮೇಲೆ ಹೊಸ್ತಿಲ ಮೇಲೆ ಒಂದು ಕಾಲಿನಲ್ಲಿ ನಿಲ್ಲಿಸುವದೇ ನನಗೆ ಒಗ್ಗದ ಮಾತು. ನಮ್ಮ ಕಡೆಯ ಮಾತೂ ಒಂದುಂಟು. ಗದಗು ಸ್ವತಂತ್ರ ಜಿಲ್ಲೆಯಾದುದು ೧೯೯೭ರಲ್ಲಿ. ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತಿರುವವು, ಇಂಜಿನಿಯರಿಂಗ್ ಕಲಿಸುವ ಕಾಲೇಜು ಹುಲಕೋಟಿಯಲ್ಲಿಯೇ ಉಂಟು. ಆದರೂ ಕಲಿತ ಹುಡುಗಿಗೆ ಅವಳ ವಿದ್ಯೆಗೆ ತಕ್ಕ ಕೆಲಸವನ್ನು ಇಲ್ಲಿ ಯಾರು ಕೊಡುವರು? ಪುಣೆ, ಬೆಂಗಳೂರು ಎಂದಾದರೂ ಊರು ಬಿಡುವದು ತಪ್ಪದು. ಊರು ಬಿಟ್ಟ ಮೇಲೆ ಎಷ್ಟು ದೂರ ಎಂಬದಷ್ಟೇ ಉಳಿಯುವ ಪ್ರಶ್ನೆ.

೨೦೨೪ರ ಗಣೇಶಚತುರ್ಥಿಯ ಹೊತ್ತಿಗೆ ನನ್ನ ತಾಯಿ ಹಾಸಿಗೆ ಹಿಡಿದಳು. ಮೊದಲು ಜ್ವರ, ಆಮೇಲೆ ಎದೆಯಲ್ಲಿ ಕಫ. ಹುಬ್ಬಳ್ಳಿಗೆ ಒಯ್ಯೋಣವೆಂದರೆ ಒಲ್ಲೆನೆಂದಳು. ಸೋಮೇಶ್ವರನ ಗುಡಿಯ ಗಂಟೆ ಕೇಳದ ಕಡೆ ತನಗೆ ನಿದ್ದೆ ಬಾರದೆಂದು ಅವಳ ವಾದ. ಅತ್ತ ಹುಡುಗಿಗೆ ಕೆಲಸವಿಲ್ಲ, ಹಗಲೆಲ್ಲ ಬಿಡುವು. ಕೈಯಲ್ಲಿ ಕೂಡಿಟ್ಟ ಹಣದಲ್ಲಿ ಮನೆಬಾಡಿಗೆಯೂ ಬ್ಯಾಂಕಿನ ಕಂತೂ ನಡೆಯುತ್ತಿದ್ದವು. ಜೀವನದಲ್ಲಿ ಅವಳಿಗೆ ಅಷ್ಟು ಬಿಡುವು ಹಿಂದೆ ಎಂದೂ ಸಿಕ್ಕಿರಲಿಲ್ಲ, ಮುಂದೆ ಸಿಗುವದೂ ಅನುಮಾನ. ಬರಲಿಕ್ಕೆ ಸಮಯವಿತ್ತು, ಟಿಕೀಟಿಗೆ ಹಣವಿತ್ತು, ಯಾರೂ ಬೇಡಿ ಹಾಕಿರಲಿಲ್ಲ. ಬಂದರೆ ಮೂರು ವರುಷ ಕಾದ ಚೀಟಿಯನ್ನೂ, ಬ್ಯಾಂಕಿನಲ್ಲಿರುವ ಮನೆಯ ಕಾಗದಗಳನ್ನೂ ಪಣಕ್ಕೆ ಒಡ್ಡಿದಂತೆ. ಬರಲೇ ಎಂದು ನನ್ನನ್ನು ಕೇಳಿದಳು. ನಾನು ಅವಳ ತಂದೆಯನ್ನು ಕೇಳಿದೆನು. ಅವನು ನನ್ನ ತಾಯಿಯನ್ನೇ ಕೇಳಿರೆಂದನು. ಮುದುಕಿಗೆ ಮಾತು ಕುಂದಿತ್ತು. ಆದರೂ ಕೈಯೆತ್ತಿ ಬೇಡವೆಂದು ಸನ್ನೆ ಮಾಡಿದಳು. ಕೌದಿಯ ಅಂಚನ್ನು ಹಿಡಿದುಕೊಂಡು ಬಹಳ ಹೊತ್ತಿನ ಮೇಲೆ, "ಹಿಂಡಿ ಕಳಸ್ರಿ" ಎಂದಳು.

ಚತುರ್ಥಿ ಕಳೆದು ಒಂಬತ್ತನೆಯ ದಿನ ಬೆಳಗಿನ ಜಾವ ತೀರಿಕೊಂಡಳು. ಹುಡುಗಿಯು ಆ ರಾತ್ರಿಯೆಲ್ಲ ಫೋನಿನ ಗಾಜಿನೊಳಗೆ ಕುಳಿತಿದ್ದಳು. ಅದನ್ನು ಅಡಿಗೆಮನೆಯ ಮಾಡದಲ್ಲಿ ಆನಿಸಿ ಇಟ್ಟಿದ್ದೆವು. ಊರವರು ಬಂದು ಹೋಗುವಾಗ ಯಾರೋ ಅದರ ಮುಂದೆ ತಂಬಿಗೆಯನ್ನು ಇಟ್ಟುಬಿಟ್ಟರು; ಅವಳಿಗೆ ಒಂದು ತಾಸು ತಂಬಿಗೆಯ ಹಿತ್ತಾಳೆಯ ಹೊರತು ಮತ್ತೇನೂ ಕಾಣಲಿಲ್ಲವಂತೆ. ತೆಗೆಯಿರಿ ಎಂದು ಅವಳು ಕೂಗಲಿಲ್ಲ.

ಸಪ್ಟೆಂಬರದ ಕಡೆಯಲ್ಲಿ ಅರ್ಜಿಯು ಮಂಜೂರಾಯಿತು. ಅಕ್ಟೋಬರ ಒಂದಕ್ಕೆ ಅವಳು ನೌಕರಳಾದಳು. ಮರುದಿನ ಹಿರಿಯರಿಗೆ ಎಡೆ ಇಡುವ ಮಹಾನವಮಿಯ ಅಮಾವಾಸ್ಯೆ. ನಾವು ಲಕ್ಷ್ಮೇಶ್ವರದಲ್ಲಿ ತಾಯಿಯ ಹೆಸರಿನಲ್ಲಿ ಮೊದಲ ಎಡೆ ಇಟ್ಟೆವು.

ಸ್ಥಿತಿ ಬದಲಾಯಿತೆಂದರೆ ಬಂದುಹೋಗುವ ದಾರಿ ತೆರೆಯಿತೆಂದು ನಾವು ತಿಳಿದಿದ್ದೆವು. ಹಾಗಲ್ಲವಂತೆ. ಇರುವ ಅಧಿಕಾರ ಬೇರೆ, ಹೊಕ್ಕುಬರುವ ವೀಸಾ ಮುದ್ರೆ ಬೇರೆ. ಅವಳ ಪಾಸ್‌ಪೋರ್ಟಿನಲ್ಲಿ ಇನ್ನೂ ವಿದ್ಯಾರ್ಥಿಯ ಹಳೆಯ ಮುದ್ರೆಯೇ ಇರುವದು. ಊರಿಗೆ ಬಂದರೆ ರಾಯಭಾರದ ಕಚೇರಿಯಲ್ಲಿ ಹೊಸ ಮುದ್ರೆ ಹಾಕಿಸಿಕೊಂಡೇ ಮರಳಬೇಕು. ಅಷ್ಟರಲ್ಲಿ ೨೦೨೫ ಬಂತು. ಆ ವಸಂತದಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಪರದೇಶೀ ವಿದ್ಯಾರ್ಥಿಗಳ ದಾಖಲೆಗಳನ್ನು ಒಮ್ಮೆಲೆ ಅಳಿಸಿ, ನ್ಯಾಯಾಲಯಗಳು ಆಕ್ಷೇಪಿಸಲು ಮತ್ತೆ ಬರೆದುಕೊಂಡರು. ಸಪ್ಟೆಂಬರ ೧೯ರಂದು, ಹೊಸ ಎಚ್-ಒನ್-ಬಿ ಅರ್ಜಿಗೆ ಒಂದು ಲಕ್ಷ ಡಾಲರು ತೆರಬೇಕೆಂದು ರಾಷ್ಟ್ರಾಧ್ಯಕ್ಷರ ಘೋಷಣೆ ಹೊರಟಿತು. ಹಳಬರಿಗೂ, ಆ ದೇಶದೊಳಗಿದ್ದೇ ಸ್ಥಿತಿ ಬದಲಿಸಿಕೊಳ್ಳುವವರಿಗೂ ಅದು ತಗಲದೆಂಬ ವಿವರಣೆಗಳು ಆಮೇಲೆ ಬಂದವು. ಅದಕ್ಕೆ ಮೊದಲು, ಹೊರಗಿದ್ದವರು ಓಡಿ ಬನ್ನಿರಿ, ಒಳಗಿದ್ದವರು ಹೊರಡಬೇಡಿರಿ ಎಂದು ಕಂಪನಿಗಳು ತಂತಿ ಕಳಿಸಿದಂತೆ ಪತ್ರಗಳನ್ನು ಕಳಿಸಿದವು.

ಹುಡುಗಿಯು ಅದೇ ಡಿಸೆಂಬರಕ್ಕೆ ಮುದ್ರೆಯ ದಿನವನ್ನು ಗೊತ್ತುಮಾಡಿಕೊಂಡು ಟಿಕೀಟು ತೆಗೆದಿದ್ದಳು. ಆ ತಿಂಗಳಿನಿಂದ ಅರ್ಜಿದಾರರ ಸಾಮಾಜಿಕ ಜಾಲದ ಬರಹಗಳನ್ನೆಲ್ಲ ಪರೀಕ್ಷಿಸುವ ಹೊಸ ಕ್ರಮವು ಮೊದಲಾದುದರಿಂದ ಅನೇಕರ ಸರತಿಗಳು ತಿಂಗಳುಗಟ್ಟಲೆ ಮುಂದೆ ಹೋದವು, ಅವಳದೂ ಹೋಯಿತು. ಆಗಲೇ ಬಂದು ಕುಳಿತವರು ಊರಲ್ಲಿಯೇ ಸಿಕ್ಕಿಬಿದ್ದರೆಂದು ಕೇಳಿ, ಅವಳು ಎರಡನೆಯ ಟಿಕೀಟನ್ನೂ ಮರಳಿ ಕೊಟ್ಟಳು. ಬ್ಯಾಂಕಿನ ಕಂತುಗಳು ಇನ್ನು ಹನ್ನೊಂದು ಉಳಿದಿರುವವು. ಲಕ್ಷ್ಮೇಶ್ವರದ ಮನೆಗೆ ಬೀಗ ಹಾಕಿರುವೆವು. ಬಾಡಿಗೆಗೆ ಕೊಡೋಣವೆಂದು ತಂಗಿಯು ಹೇಳುವಳು. ಹುಡುಗಿ ಒಮ್ಮೆ ಬಂದು ನೋಡಿಹೋದ ಮೇಲೆ ಕೊಟ್ಟರಾಯಿತೆಂದು ನಾನು ತಡೆದಿರುವೆನು.